ಹೊಸ ಇಂಪೆಲ್ಲರ್ ಹಾಕಿದರೂ ಬೋಟ್ ಮೋಟರ್ ಹೀಟ್ ಆಗುತ್ತಿದ್ದರೆ

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ ಓಡಿಸುವ ಫೈಬರ್ ಬೋಟು, ಕರಾವಳಿ ಕಡೆಯಿಂದ ತಂದ ಸೆಕೆಂಡ್ ಹ್ಯಾಂಡ್ 9.9 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಹೊರಗಡೆ ಕಟ್ಟುವ ಮೋಟರ್. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಮೋಟರ್ ತಣಿಸುವ ನೀರು ಓಡುತ್ತಿದೆ ಎಂದು ತೋರಿಸಲು ಹಿಂದಿರುವ ಸಣ್ಣ ತೂತಿನಿಂದ ಬೀಳುವ ನೀರು ಕೈ ಸುಡುವಷ್ಟು ಬಿಸಿ, ಮೋಟರ್ ತಾನಾಗಿ ನಿಧಾನ. ಇಂಪೆಲ್ಲರ್ (ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ) ಹೊಸದು ಹಾಕಿಸಿದ್ದೀರಿ, ಆದರೂ ಹಾಗೇ ಇದೆ. ಮೇಲಿನ ಉತ್ತರದಲ್ಲಿ ಒಬ್ಬರು ಥರ್ಮೋಸ್ಟಾಟ್ (ಬಿಸಿಯಾದಾಗ ಬಾಯಿ ತೆರೆದು ನೀರು ಬಿಡುವ ಕವಾಟ) ಕಿತ್ತು ಬಿಸಾಡಿ ಎಂದಿದ್ದಾರೆ. ಅದನ್ನು ದಯವಿಟ್ಟು ಮಾಡಬೇಡಿ, ಕಾರಣ ಮುಂದೆ ಹೇಳುತ್ತೇನೆ.

ಮೊದಲು ಒಂದು ಮಾತು: ಇನ್ನು ಮುಂದೆ ರಿಪೇರಿ ಆಗುವವರೆಗೆ ಆ ಮೋಟರನ್ನು "ನೋಡೋಣ" ಅಂತ ನೀರಿಗಿಳಿಸಬೇಡಿ. ಹೀಟಾದಾಗ ಮೋಟರ್ ನಿಧಾನವಾಗುವುದು ಎಂದರೆ ಅಲ್ಯುಮಿನಿಯಂ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಉಜ್ಜುತ್ತಿರಬಹುದು ಎಂದರ್ಥ. ಇನ್ನೊಂದೆರಡು ಸಲ ಹಾಗಾದರೆ ಜಾಮ್ ಆಗುತ್ತದೆ. ಬಿಸಿಯಾಗಿದ್ದಾಗ ತಣ್ಣೀರು ಸುರಿಯುವುದೂ ಬೇಡ, ಹೆಡ್ (ಸಿಲಿಂಡರಿನ ಮುಚ್ಚಳ) ಸೊಟ್ಟಗಾಗುತ್ತದೆ. ಆಫ್ ಮಾಡಿ, ತಾನಾಗಿ ಆರಲು ಬಿಡಿ.

ಈಗ ನನ್ನ ಪ್ರಶ್ನೆ: ತೆಗೆದ ಹಳೇ ಇಂಪೆಲ್ಲರ್ ಎಲ್ಲಿದೆ? ಅದರ ರಬ್ಬರ್ ಎಲೆಗಳನ್ನು ಎಣಿಸಿದ್ದೀರಾ? ಈ ಸೈಜಿನ ಮೋಟರುಗಳಲ್ಲಿ ಸಾಮಾನ್ಯವಾಗಿ ಆರು ಎಲೆ ಇರುತ್ತವೆ. ಹೊಸದನ್ನು ಪಕ್ಕದಲ್ಲಿಟ್ಟು ಎಣಿಸಿ. ಒಂದೋ ಎರಡೋ ಎಲೆ ಮುರಿದು ಕಾಣೆಯಾಗಿದ್ದರೆ ಆ ತುಂಡುಗಳು ನೀರಿನ ಜೊತೆ ಪೈಪಿನಲ್ಲಿ ಮೇಲೇರಿ ಪೈಪಿನ ತುದಿಯಲ್ಲೋ, ಹೆಡ್ಡಿನ ನೀರಿನ ದಾರಿಯಲ್ಲೋ, ಥರ್ಮೋಸ್ಟಾಟ್ ಬಾಯಲ್ಲೋ ಸಿಕ್ಕಿಕೊಂಡಿರುತ್ತವೆ. ಪಂಪ್ ಎಷ್ಟೇ ಹೊಸದಾಗಿದ್ದರೂ ದಾರಿ ಕಟ್ಟಿದ್ದರೆ ಏನೂ ಪ್ರಯೋಜನವಿಲ್ಲ. ಹಾಕಿಸಿದ ಕಡೆ ಹಳೇದನ್ನು ಎಸೆದಿದ್ದರೆ, ತುಂಡು ಒಳಗಿದೆ ಎಂದುಕೊಂಡೇ ಕೆಲಸ ಶುರು ಮಾಡಿ.

ನಿಮ್ಮ ಲಕ್ಷಣ ಮುಖ್ಯವಾದದ್ದು. ಆ ತೂತಿನ ನೀರು ಶುರುವಿನಿಂದಲೇ ಸಣ್ಣಗೆ ಬಿದ್ದರೆ ಪಂಪು, ನೀರು ಎಳೆಯುವ ಜಾಲರಿ, ಇಲ್ಲವೇ ಆ ತೂತೇ ಕಟ್ಟಿರುವುದು ಕಾರಣ. ಬೇಸಿಗೆಯಲ್ಲಿ ಮೋಟರ್ ಶೆಡ್ಡಿನಲ್ಲಿ ನಿಂತಿದ್ದರೆ ಕಣಜ ಆ ತೂತಿನೊಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ, ದಪ್ಪ ನೈಲಾನ್ ದಾರ ತೂರಿಸಿದರೆ ಬಿಡುತ್ತದೆ. ಆದರೆ ನಿಮ್ಮದು ಜೋರಾಗಿಯೇ ಬಿದ್ದು ಆಮೇಲೆ ಬಿಸಿಯಾಗುತ್ತಿದೆ. ಅಂದರೆ ಪಂಪ್ ನೀರು ಎತ್ತುತ್ತಿದೆ, ಬಿಸಿ ಹೊತ್ತ ನೀರು ಹೊರಗೆ ಹೋಗುತ್ತಿಲ್ಲ. ತುಂಬಾ ಮೋಟರುಗಳಲ್ಲಿ ಆ ತೂತಿಗೆ ನೀರು ಥರ್ಮೋಸ್ಟಾಟ್ ತಲುಪುವ ಮೊದಲೇ ಕವಲೊಡೆದು ಬರುತ್ತದೆ. ಅದು ಬೀಳುತ್ತಿದೆ ಎಂದ ಮಾತ್ರಕ್ಕೆ ಹೆಡ್ ತಣ್ಣಗಿದೆ ಎಂದು ನಂಬುವಂತಿಲ್ಲ.

ಹಾಗಾಗಿ ಥರ್ಮೋಸ್ಟಾಟ್ ಕವರ್ ಬಿಚ್ಚಿ. ಅದರ ಬೋಲ್ಟುಗಳು ಸಣ್ಣವು, ಸಾಮಾನ್ಯವಾಗಿ 10 ನಂಬರ್ ಪಾನಾ. ಸಮುದ್ರದಲ್ಲಿ ಓಡಿದ ಮೋಟರಿನಲ್ಲಿ ಇವು ಉಪ್ಪಿಗೆ ಕಚ್ಚಿಕೊಂಡಿರುತ್ತವೆ, ಬಲ ಹಾಕಿದರೆ ತಲೆ ಮುರಿದು ಕೈಗೆ ಬರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಿಚ್ಚುವ ಮುನ್ನ ಕೂದಲೆಳೆಯಷ್ಟು ಟೈಟ್ ಕಡೆಗೆ ತಿರುಗಿಸಿ, ಆಮೇಲೆ ಲೂಸ್ ಮಾಡಿ. ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ.

ತೆಗೆದ ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ, ಬಾಯಿಯ ಸಂದಿಗೆ ಅದೇ ದಾರ ಸಿಕ್ಕಿಸಿ, ತಳ ಮುಟ್ಟದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ಜೊತೆಗೆ ಒಂದು ಥರ್ಮಾಮೀಟರ್ ಇರಲಿ, ಜ್ವರ ನೋಡುವುದಲ್ಲ, 100 ಡಿಗ್ರಿ ತನಕ ತೋರಿಸುವಂಥದ್ದು. ಥರ್ಮೋಸ್ಟಾಟಿನ ಮೈಮೇಲೆ ಅದು ತೆರೆಯುವ ಡಿಗ್ರಿಯ ಮುದ್ರೆ ಇರುತ್ತದೆ, ಸಣ್ಣ ಔಟ್‌ಬೋರ್ಡುಗಳಲ್ಲಿ ಹೆಚ್ಚಾಗಿ 50ರಿಂದ 60ರ ಒಳಗೆ. ಆ ಬಿಸಿಗೆ ಬಾಯಿ ತೆರೆದು ದಾರದಿಂದ ಕಳಚಿ ಬೀಳಬೇಕು. ಬೀಳದಿದ್ದರೆ ಹೊಸದು ಹಾಕಿ, ಉಜ್ಜಿ ತೊಳೆದು ಮತ್ತೆ ಕೂರಿಸಬೇಡಿ. ಕಿತ್ತು ಹಾಗೇ ಓಡಿಸಿದರೆ ಮೋಟರ್ ಸರಿಯಾದ ಬಿಸಿಗೆ ಏರುವುದೇ ಇಲ್ಲ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಜೊತೆಗೆ ನಿಜವಾದ ಕಾಯಿಲೆ ಮುಚ್ಚಿಹೋಗುತ್ತದೆ.

ಥರ್ಮೋಸ್ಟಾಟ್ ಸರಿಯಿದ್ದರೆ ಮುಂದಿನದು ಉಪ್ಪು. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿ ಹೊಪ್ಪಳಿಕೆ ಕಟ್ಟುತ್ತದಲ್ಲ, ಸಮುದ್ರದ ಮೋಟರಿನ ನೀರಿನ ದಾರಿಯಲ್ಲೂ ಹಾಗೆಯೇ. ಸಿಹಿನೀರಿನಲ್ಲಿ ಓಡಿಸಿದರೆ ಅದು ತಾನಾಗಿ ಕರಗಿ ಹೋಗುತ್ತದೆ ಎನ್ನುವುದು ತಪ್ಪು. ಗಟ್ಟಿ ಹೊಪ್ಪಳಿಕೆ ಕರಗುವುದಿಲ್ಲ, ಬದಲಿಗೆ ಚೂರು ಚೂರಾಗಿ ಕಳಚಿ ಮುಂದಿನ ಸಣ್ಣ ದಾರಿಯಲ್ಲಿ ಹೋಗಿ ಕೂರುತ್ತದೆ. ಕರಾವಳಿಯಿಂದ ತಂದ ಮೋಟರು ಮೊದಲ ತಿಂಗಳು ಸರಿಯಿದ್ದು ಆಮೇಲೆ ಹೀಟ್ ಆಗಲು ಇದೂ ಒಂದು ಕಾರಣ.

ಇದಕ್ಕೆ ಕೆಳಗಿನ ಗೇರ್ ಭಾಗ ಇಳಿಸಬೇಕು. ಹೇಗೂ ಇಳಿಸಲೇಬೇಕು, ಇಂಪೆಲ್ಲರ್ ಕೂರಿಸಿದ್ದು ಸರಿಯೋ ಇಲ್ಲವೋ ನೋಡಲಿಕ್ಕಿದೆ. ಪ್ಲಗ್ ಕ್ಯಾಪ್ ಕಿತ್ತು, ಗೇರ್ ರಾಡಿನ ಜೋಡಣೆ ಬಿಡಿಸಿ, ಬೋಲ್ಟ್ ತೆಗೆದು ನೇರವಾಗಿ ಕೆಳಕ್ಕೆ ಎಳೆಯಿರಿ. ಮೇಲೆ ಉಳಿದ ಭಾಗದಲ್ಲಿ ನೀರಿನ ಪೈಪಿನ ಬಾಯಿ ಕಾಣುತ್ತದೆ. ಥರ್ಮೋಸ್ಟಾಟ್ ತೆಗೆದೇ ಇರಲಿ. ಆ ಪೈಪಿಗೆ ತೋಟದ ಹೋಸ್ ಹಿಡಿದು ನೀರು ಬಿಡಿ, ಥರ್ಮೋಸ್ಟಾಟ್ ಜಾಗದಿಂದ ಧಾರಾಳವಾಗಿ ಉಕ್ಕಬೇಕು. ಒಸರಿದಂತೆ ಬಂದರೆ ದಾರಿ ಕಟ್ಟಿದೆ. ಆಗ ಹೋಸನ್ನು ಥರ್ಮೋಸ್ಟಾಟ್ ಜಾಗದಿಂದ ಒತ್ತಿ ಹಿಮ್ಮುಖವಾಗಿ ಬಿಡಿ. ರಬ್ಬರ್ ತುಂಡು, ಹೊಪ್ಪಳಿಕೆ, ಮರಳು ಹೆಚ್ಚಾಗಿ ಹೀಗೆಯೇ ಹೊರಬೀಳುತ್ತವೆ. ಕೆಳಗೆ ಬಟ್ಟೆ ಹಾಸಿಡಿ, ಏನು ಬಿತ್ತೆಂದು ಗೊತ್ತಾಗುತ್ತದೆ.

ಉಪ್ಪು ಬಿಡಿಸಲು ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಲೆಕ್ಕದಲ್ಲಿ ಹತ್ತು ಲೀಟರ್ ಕಲಸಿ, ಥರ್ಮೋಸ್ಟಾಟ್ ಇಲ್ಲದೆ ಬರೀ ಕವರ್ ಮುಚ್ಚಿ, ಏರ್ ಕೂಲರಿನ ಸಣ್ಣ ಪಂಪಿನಿಂದ ನೀರಿನ ಪೈಪಿನ ಮೂಲಕ ಇಪ್ಪತ್ತು ನಿಮಿಷ ಸುತ್ತಿಸಿ. ಮೋಟರಿನ ಕಾಲಿನ ಕೆಳಗೆ ಟಬ್ ಇಟ್ಟರೆ ಅದೇ ನೀರು ಮತ್ತೆ ಮತ್ತೆ ಹೋಗುತ್ತದೆ. ನೊರೆ ಬಂದರೆ ಕೆಲಸ ಆಗುತ್ತಿದೆ. ಬಳಿಕ ಹದಿನೈದು ನಿಮಿಷ ಬರೀ ನೀರು ಬಿಡಿ. ರಾತ್ರಿಯಿಡೀ ನೆನೆಹಾಕಬೇಡಿ, ಅಲ್ಯುಮಿನಿಯಂ ತಿನ್ನುತ್ತದೆ. ಬಾತ್‌ರೂಮ್ ಆಸಿಡ್ಡಂತೂ ಹತ್ತಿರವೂ ತರಬೇಡಿ, ಬ್ಲಾಕೇ ತೂತಾದೀತು.

ಪಂಪ್ ಬಿಚ್ಚಿದಾಗ ಸ್ಟೀಲ್ ಬಟ್ಟಲು ಮತ್ತು ತಳದ ಪ್ಲೇಟು ನೋಡಿ. ಉಗುರಿಗೆ ಗೀರು ತಗಲಿದರೆ ಅವನ್ನೂ ಬದಲಿಸಬೇಕು. ಬರೀ ಇಂಪೆಲ್ಲರ್ ಹಾಕಿದರೆ ಸಂದಿಯಲ್ಲಿ ಒತ್ತಡ ಸೋರಿ ಸ್ಪೀಡ್ ಏರಿದಾಗ ನೀರು ಸಾಲದು. ಕೆರೆಯಂಚಿನ ಗೋಡು ಕಲಕಿದ ನೀರಿನಲ್ಲಿ ಓಡಿಸಿದರೆ ಇವು ಬೇಗ ಸವೆಯುತ್ತವೆ. ಸೂಳೆಕೆರೆಯಂಥ ಹೂಳು ತುಂಬಿದ ಆಳವಿಲ್ಲದ ಕೆರೆಯಲ್ಲಿ ಓಡಿಸುವವರು ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದೇ ಒಳ್ಳೆಯದು. ಮೇಲಿನ ಬಟ್ಟಲು ಕೂರಿಸುವಾಗ ಶಾಫ್ಟನ್ನು ಮೋಟರ್ ತಿರುಗುವ ದಿಕ್ಕಿಗೇ, ಮೇಲಿಂದ ನೋಡಿದರೆ ಗಡಿಯಾರದಂತೆ, ತಿರುಗಿಸುತ್ತಾ ಒತ್ತಿ. ಎಲೆಗಳು ಸರಿಯಾಗಿ ಬಾಗುತ್ತವೆ. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಅರ್ಧಚಂದ್ರದ ಕೀ ಜಾರದಂತೆ ಚಿಟಿಕೆ ಗ್ರೀಸ್ ಹಚ್ಚಿ.

ಹೊಸ ಇಂಪೆಲ್ಲರ್ ಹಾಕಿದ ಮೇಲೂ ಹೀಟ್ ಆಗುವುದಕ್ಕೆ ನನ್ನ ಅಂದಾಜಿನಲ್ಲಿ ದೊಡ್ಡ ಕಾರಣ ಒಂದಿದೆ: ಗೇರ್ ಭಾಗ ಮೇಲೆತ್ತುವಾಗ ನೀರಿನ ಪೈಪು ಪಂಪಿನ ಮೇಲಿನ ರಬ್ಬರ್ ಬುಶ್ಶಿನೊಳಗೆ ಕೂರದೆ ಪಕ್ಕಕ್ಕೆ ಜಾರುವುದು, ಇಲ್ಲವೇ ಬುಶ್ಶನ್ನೇ ಮಡಚುವುದು. ಅರ್ಧ ನೀರು ಅಲ್ಲೇ ಚೆಲ್ಲುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಬುಶ್ಶಿಗೆ ಸೋಪಿನ ನೀರು ಹಚ್ಚಿ, ಟಾರ್ಚ್ ಹಿಡಿಯಲು ಒಬ್ಬರನ್ನು ಇಟ್ಟುಕೊಂಡು, ಪೈಪು ನೆಟ್ಟಗೆ ಇಳಿದದ್ದನ್ನು ಕಣ್ಣಾರೆ ನೋಡಿಯೇ ಬೋಲ್ಟ್ ಹಾಕಿ. ಶಾಫ್ಟಿನ ಹಲ್ಲುಗಳ ಬದಿಗೆ ಗ್ರೀಸ್ ಇರಲಿ, ನೆತ್ತಿಯ ಮೇಲೆ ಮೆತ್ತಬೇಡಿ, ಪೂರ್ತಿ ಕೂರಲು ಬಿಡುವುದಿಲ್ಲ.

ಇಷ್ಟಾದ ಮೇಲೂ ಬಿಸಿಯಾದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಸಿಲಿಂಡರಿಗೂ ನಡುವಿನ ಸೀಲು) ಹೋಗಿರಬಹುದು. ಬೀಳುವ ನೀರಿನಲ್ಲಿ ಗುಳ್ಳೆ ಬರುವುದು, ಒಂದು ಪ್ಲಗ್ ಮಾತ್ರ ತೊಳೆದಂತೆ ಸ್ವಚ್ಛವಾಗಿರುವುದು ಅದರ ಗುರುತು. ಹೆಡ್ ತೆಗೆದರೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ಹಾಳೆ) ನೋಡಿ. 0.1 ಮಿ.ಮೀ. ಗೇಜು ನುಸುಳಿದರೆ ದಪ್ಪ ಗಾಜಿನ ಮೇಲೆ 400 ನಂಬರ್ ಎಮರಿ ಪೇಪರ್ ಹಾಸಿ ಉಜ್ಜಿ ಸಮ ಮಾಡಬೇಕು. ಗ್ಯಾಸ್ಕೆಟ್ ಹೊಸದೇ ಬೇಕು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಹಂತದಲ್ಲಿ, ನಿಮ್ಮ ಮಾಡೆಲ್ಲಿನ ಮ್ಯಾನ್ಯುಅಲ್ ಹೇಳಿದಷ್ಟೇ ಬಿಗಿ ಮಾಡಿ.

ಎಣ್ಣೆ ವಿಷಯ ಚುಟುಕಾಗಿ: ಪೆಟ್ರೋಲ್ ಮೋಟರಿಗೆ ಪೆಟ್ರೋಲ್-ಎಣ್ಣೆ ಮಿಶ್ರಣ 50:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಎಣ್ಣೆ, ಅದೂ ನೀರಿನಿಂದ ತಣ್ಣಗಾಗುವ ಟೂ ಸ್ಟ್ರೋಕ್ ಮೋಟರಿಗೆ ಮಾಡಿದ ಟಿಸಿ-ಡಬ್ಲ್ಯು3 ದರ್ಜೆಯದ್ದು. ಬೈಕಿನ ಟೂಟಿ (2T) ಎಣ್ಣೆ ಗಾಳಿಯಿಂದ ತಣ್ಣಗಾಗುವ ಇಂಜಿನ್ನಿಗೆ ಮಾಡಿದ್ದು, ಇದಕ್ಕೆ ಬೇಡ. ಎಥೆನಾಲ್ ಬೆರೆತ ಪೆಟ್ರೋಲ್ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ನೀರು ಹೀರಿಕೊಂಡು ತಳದಲ್ಲಿ ಬೇರೆಯಾಗುತ್ತದೆ, ಕಾರ್ಬ್ಯುರೇಟರ್ ಜೆಟ್ ಕಟ್ಟುತ್ತದೆ. ಪೆಟ್ರೋಲ್ ಕಡಿಮೆ ಹೋದರೂ ಮೋಟರ್ ಹೀಟ್ ಆಗುತ್ತದೆ.

ಬೋಟಿಗೆ ಕಟ್ಟಿದ ಎತ್ತರವನ್ನೂ ನೋಡಿ. ಫ್ಯಾನಿನ (ಪ್ರೊಪೆಲ್ಲರ್) ಮೇಲ್ಗಡೆ ಮೋಟರಿನ ಕಾಲಿನಿಂದ ಚಾಚಿರುವ ಅಗಲ ರೆಕ್ಕೆ ಬೋಟಿನ ತಳದ ಮಟ್ಟದಲ್ಲಿ ಅಥವಾ ಒಂದು ಇಂಚು ಕೆಳಗೆ ಇರಬೇಕು. ಅದಕ್ಕಿಂತ ಮೇಲಿದ್ದರೆ ತಿರುವಿನಲ್ಲಿ ಪಂಪ್ ಗಾಳಿ ಎಳೆಯುತ್ತದೆ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದ ಜಲಾಶಯ. ವರ್ಷಗಟ್ಟಲೆ ಒಣಗಿದ್ದ ಅಂಚಿನ ನೆಲ ಮುಳುಗಿದ ಕಡೆಯಲ್ಲಿ ಜಾಲಿ ಕಂಟಿ, ಪ್ಲಾಸ್ಟಿಕ್ ಹಾಳೆ ಜಾಲರಿಗೆ ಅಂಟುವುದು ಸಹಜ. ಅಂಥ ಕಡೆ ನೀರು ಸಣ್ಣಗಾದ ಕೂಡಲೇ ಆಫ್ ಮಾಡಿ ಮೋಟರ್ ಎತ್ತಿ ನೋಡಿ.

ರಿಪೇರಿ ಆದ ಮೇಲೆ ಮೊದಲು 200 ಲೀಟರ್ ಡ್ರಮ್ಮಿನಲ್ಲಿ, ಫ್ಯಾನ್ ಬಿಚ್ಚಿ, ನೀರು ಆ ರೆಕ್ಕೆಗಿಂತ ನಾಲ್ಕು ಇಂಚು ಮೇಲಿರುವಂತೆ ತುಂಬಿ, ಬಯಲಿನಲ್ಲೇ ನ್ಯೂಟ್ರಲ್ಲಿನಲ್ಲಿ ಓಡಿಸಿ. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣಕ್ಕೆ ಅಪಾಯ. ಡ್ರಮ್ಮಿನ ನೀರೇ ಬಿಸಿಯಾಗುತ್ತದೆ, ಹೋಸ್ ಬಿಟ್ಟಿರಿ. ಅದಕ್ಕೂ ಮುಂಚೆ ಎರಡೂ ಸಿಲಿಂಡರಿನ ಕಂಪ್ರೆಶನ್ (ಒಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ) ಅಳೆಸಿ. ಎರಡರ ನಡುವೆ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಪಿಸ್ಟನ್ ಉಜ್ಜಿರುವ ಸಾಧ್ಯತೆ ಇದೆ. ಆ ಎರಡು ಅಂಕಿ, ಪ್ಲಗ್ಗುಗಳ ಫೋಟೋ, ಹಳೇ ಇಂಪೆಲ್ಲರಿನ ಫೋಟೋ ಇಲ್ಲಿ ಹಾಕಿ. ಮಾಡೆಲ್ ನಂಬರಿನ ಪ್ಲೇಟು ಬೋಟಿಗೆ ಬಿಗಿಯುವ ಕ್ಲಾಂಪಿನ ಮೇಲಿರುತ್ತದೆ, ಅದರದ್ದೂ ಒಂದು ಫೋಟೋ ತೆಗೆಯಿರಿ. ಮಲ್ಪೆ, ಮಂಗಳೂರಿನಿಂದ ಸ್ಪೇರ್ ತರಿಸುವಾಗ ಬರೀ "9.9" ಎಂದರೆ ಬೇರೆ ಗ್ಯಾಸ್ಕೆಟ್ ಬಂದುಬಿಡುತ್ತದೆ.