ವಿಶೇಷ ಶಾಲೆಯಲ್ಲಿ ಅಕ್ಷರಕ್ಕಿಂತ ಮಣ್ಣು, ತೋಟದ ಕೆಲಸವೇ ಜಾಸ್ತಿ ಯಾಕೆ?

ಹಾಸನದ ವಿಶೇಷ ಶಾಲೆಗೆ ಮಗನನ್ನು ಸೇರಿಸಿದ್ದೀರಿ, ಅಲ್ಲಿ ಬರೀ ಮಣ್ಣಾಟ ಅಂತ ಬೇಸರ ಅಲ್ವಾ? ಅದು ಸುಮ್ನೆ ಆಟ ಅಲ್ಲ. ಜೇಡಿಮಣ್ಣು ನಾದುವಾಗ ಬೆರಳುಗಳಿಗೆ ಬಲ ಬರುತ್ತದೆ. ಪೆನ್ಸಿಲ್ ಹಿಡಿಯಲು, ಅಂಗಿ ಗುಂಡಿ ಹಾಕಲು ಬೇಕಾದದ್ದು ಅದೇ ಬಲ. ತೋಟದಲ್ಲಿ ನೀರು ಹೊರುವುದು ಇನ್ನೂ ಒಳ್ಳೆಯದು. ಭಾರ ಎತ್ತುವಾಗ ಸ್ನಾಯು, ಕೀಲುಗಳಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ಚಡಪಡಿಸುವ ಕೆಲವು ಮಕ್ಕಳು ಆಗ ಶಾಂತವಾಗುತ್ತಾರೆ. ನಮ್ಮ ಜಿಲ್ಲೆಯಲ್ಲಿ ಆಲೂಗಡ್ಡೆಗೆ ಬರವಿಲ್ಲ. ಮನೆಯಲ್ಲೂ ದೊಡ್ಡದು, ಚಿಕ್ಕದು ಬೇರೆ ಮಾಡಿಸಿ, 10 ಎಣಿಸಿ ಬುಟ್ಟಿಗೆ ಹಾಕಿಸಿ. ಗಣಿತ ಅಲ್ಲೇ ಶುರು.

ಆದರೆ ಎಲ್ಲ ಮಕ್ಕಳಿಗೂ ಒಂದೇ ಕೆಲಸ ಕೊಡುವುದು ಸರಿಯಲ್ಲ. ಕೆಲವರಿಗೆ ಒದ್ದೆ ಮಣ್ಣು ಮುಟ್ಟಿದರೆ ಹಿಂಸೆ. ಅವರಿಗೆ ಒಣ ರಾಗಿಯಿಂದ ಶುರುಮಾಡಬಹುದು. ನಿಮ್ಮ ಮಗನಿಗೆ ಇಟ್ಟಿರುವ ಗುರಿ ಏನು ಅಂತ ಟೀಚರ್ ಹತ್ತಿರ ಬರೆಸಿಕೊಳ್ಳಿ.