ಕಾರ್ಮಿಕರ ಪರ ವಕೀಲಿಕೆ: ಪಿಐಎಲ್‌ನಿಂದಲೇ ಶುರು ಮಾಡಬಹುದೇ?

ಎಲ್‌ಎಲ್‌ಬಿ ಮುಗಿದಿದೆ, ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕಿ ಕಾರ್ಮಿಕರ ಪರ ಹೋರಾಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಕೂಲಿ ಲೆಕ್ಕದಿಂದ ಶುರು ಮಾಡಿ ಅಂತೀನಿ.

1982ರ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಾಮಗಾರಿ ಕಾರ್ಮಿಕರ ಪ್ರಕರಣ ಓದಿ. ಪಿಯುಡಿಆರ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಮೂವರು ಸಮಾಜವಿಜ್ಞಾನಿಗಳಿಂದ ಕಾಮಗಾರಿ ಜಾಗಗಳ ವರದಿ ಮಾಡಿಸಿತ್ತು; ಅದನ್ನು ಆಧರಿಸಿದ ಪತ್ರವೇ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಯಾಯಿತು. ಕನಿಷ್ಠ ದಿನಗೂಲಿ 9.25 ರೂಪಾಯಿ, ಆಳುಗಳನ್ನು ಕರೆತರುವ ಜಮಾದಾರ ಕಮಿಷನ್ನೆಂದು 1 ರೂಪಾಯಿ ಹಿಡಿದು 8.25 ಕೊಡುತ್ತಿದ್ದ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂಬ ತೀರ್ಪಿನ ಹಿಂದೆ ಆ ಒಂದು ರೂಪಾಯಿ ಇದೆ. ಹಾಗಾಗಿ ನೀವು ಮಾಡುವ ಕಾರ್ಮಿಕರ ಪಟ್ಟಿಯಲ್ಲಿ ಹೆಸರು, ಗುತ್ತಿಗೆದಾರ, ದುಡಿದ ದಿನ, ಬರಬೇಕಾದದ್ದು, ಕೈಗೆ ಬಂದದ್ದು, ಬಟವಾಡೆ ಮಾಡಿದವರು, ಇಷ್ಟೂ ಇರಲಿ.

ಒಬ್ಬರ ವಜಾಕ್ಕೆ ಪಿಐಎಲ್ ನಡೆಯುವುದಿಲ್ಲ. ಅದು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಹೋಗುತ್ತದೆ, 45 ದಿನದಲ್ಲಿ ಇತ್ಯರ್ಥವಾಗದಿದ್ದರೆ ನೇರ ಕೈಗಾರಿಕಾ ನ್ಯಾಯಮಂಡಳಿಗೆ. ಮಂಡಳಿಗೆ ಹೋಗಲು ಹಳೆಯ ಪುಸ್ತಕಗಳಲ್ಲಿ ಕಾಲಮಿತಿ ವಜಾ ಆದ ದಿನದಿಂದ 3 ವರ್ಷ; 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 2 ವರ್ಷ. ಹೊಸಬರಿಗೆ ತಿಳಿಯದ ಸಂಗತಿ: ಸಂಧಾನದ ಕೋಣೆಗೆ ವಕೀಲರಿಗೆ ಪ್ರವೇಶವಿಲ್ಲ. ನ್ಯಾಯಮಂಡಳಿಯಲ್ಲೂ ಎದುರು ಪಕ್ಷ ಒಪ್ಪಬೇಕು, ಮಂಡಳಿಯ ಅನುಮತಿಯೂ ಬೇಕು. ಯೂನಿಯನ್ ಪದಾಧಿಕಾರಿಗೆ ಈ ತೊಡಕಿಲ್ಲ. ಪದಾಧಿಕಾರಿಯಾದ ವಕೀಲರು ಆ ಹುದ್ದೆಯಲ್ಲೇ ಹಾಜರಾಗಬಹುದೆಂದು ಪಾರಾದೀಪ್ ಪೋರ್ಟ್ ಟ್ರಸ್ಟ್ ಪ್ರಕರಣದಲ್ಲಿ 1976ರಲ್ಲೇ ತೀರ್ಮಾನವಾಗಿದೆ. ಯೂನಿಯನ್ ಕಚೇರಿಯಲ್ಲಿ ಕೂತು ಕಲಿಯಿರಿ ಎನ್ನುವುದು ಇದಕ್ಕೇ.

ಕೇಸು ಬೀಳುವುದು ಹೆಚ್ಚಾಗಿ ಸಾಕ್ಷ್ಯದಲ್ಲಿ. ಸತತ ಸೇವೆ ಎನಿಸಿಕೊಳ್ಳಲು 12 ತಿಂಗಳಲ್ಲಿ 240 ದಿನ ದುಡಿದದ್ದನ್ನು ಕಾರ್ಮಿಕನೇ ತೋರಿಸಬೇಕು. ಕಂಪನಿಯಂತೂ “ಇವನು ನಮ್ಮವನಲ್ಲ, ಗುತ್ತಿಗೆದಾರನ ಆಳು” ಎಂದುಬಿಡುತ್ತದೆ. ಇಎಸ್‌ಐ ಕಾರ್ಡ್, ಪಿಎಫ್ ಪಾಸ್‌ಬುಕ್, ಬ್ಯಾಂಕ್ ಜಮೆ, ಸೂಪರ್‌ವೈಸರ್ ಕಳಿಸಿದ ಪಾಳಿ ಮೆಸೇಜು ಎಲ್ಲ ಕೂಡಿಡಿ. ಗೇಟ್ ಪಾಸನ್ನು ಕೆಲಸದಿಂದ ತೆಗೆದ ದಿನವೇ ಕಿತ್ತುಕೊಳ್ಳಬಹುದು, ಮೊದಲೇ ಫೋಟೋ ತೆಗೆಸಿಡಿ. ಖಾಲಿ ವೋಚರಿಗೆ ಹಾಕಿದ ಸಹಿ ಆಮೇಲೆ “ಲೆಕ್ಕ ಚುಕ್ತಾ” ಆಗಿ ಬರುತ್ತದೆ.

ನೂರಾರು ಜನರಿಗೆ ಒಂದೇ ಮೋಸವಾದಾಗ ಪಿಐಎಲ್ ಸರಿ. ಅದಕ್ಕೂ ಮುಂಚೆ ಆರ್‌ಟಿಐನಲ್ಲಿ ತಪಾಸಣಾ ವರದಿ ತೆಗೆಸಿ, ಕಾರ್ಮಿಕ ಇಲಾಖೆಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದಿಲ್ಲದಿದ್ದರೆ “ಮೊದಲು ಇಲಾಖೆಗೆ ಹೋಗಿ” ಎಂದು ವಾಪಸ್ ಕಳಿಸುತ್ತಾರೆ.

ಆದಾಯಕ್ಕೆ ಅಪಘಾತ ಪರಿಹಾರದ ಕೇಸುಗಳನ್ನೂ ಹಿಡಿಯಿರಿ, ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ಸೇರಿ. ಕೈಗಾರಿಕಾ ಕಾರ್ಮಿಕರಿಗೂ ಕೈದಿಗಳಿಗೂ ಅಲ್ಲಿ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಕೈದಿಗಳ ಕೇಸು ಬಂದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 479ನೇ ಕಲಂ ಗಟ್ಟಿಮಾಡಿಕೊಳ್ಳಿ: ಮೊದಲ ಸಲದ ವಿಚಾರಣಾಧೀನ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದಿದ್ದರೆ ಬಿಡುಗಡೆಗೆ ಅರ್ಹ, ಮರಣದಂಡನೆ, ಜೀವಾವಧಿಯ ಅಪರಾಧ ಬಿಟ್ಟು. ಆದರೆ ಬೇರೊಂದು ಕೇಸು ಬಾಕಿಯಿದ್ದರೆ ಅದು ಸಿಗದು. ಅರ್ಜಿ ಬರೆಯುವ ಮುನ್ನ ಅದನ್ನು ವಿಚಾರಿಸಿ.