ಮಾಸ್ತರರೇ, ಯೋಚನೆಗೆ ಪಹರೆ ಬೇಡ

ಮಾನ್ಯ ಸಂಪಾದಕರೇ,

ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ಸುಮಾರು ಒಂದು ವರ್ಷದಿಂದ ಬೇಡದ ಯೋಚನೆಗಳು ಕಾಡುತ್ತಿವೆ. ಮಗಳನ್ನು ಎತ್ತಿಕೊಂಡು ರೈಲ್ವೆ ಪ್ಲಾಟ್‌ಫಾರಂ ಮೇಲೆ ನಿಂತರೆ ‘ಇವಳನ್ನು ಹಳಿಯತ್ತ ತಳ್ಳಿಬಿಟ್ಟರೆ?’ ಎಂದು ಒಮ್ಮೆಲೇ ಹೊಳೆದು ಮೈ ನಡುಗುತ್ತದೆ. ಅವಳೆಂದರೆ ನನಗೆ ಪ್ರಾಣ. ಈಗ ಅವಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದೇನೆ. ಹುಬ್ಬಳ್ಳಿಯಲ್ಲಿ ಎರಡು ದಿನದ ಮನೋನಿಗ್ರಹ ಶಿಬಿರಕ್ಕೆ ಹೋಗಿದ್ದೆ. ಕೆಟ್ಟ ಯೋಚನೆ ಬಂದೊಡನೆ ಮಣಿಕಟ್ಟಿನ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟು ‘ನಿಲ್ಲು’ ಎನ್ನಬೇಕೆಂದು ಕಲಿಸಿದರು. ಮೊದಲು ಹಿತವೆನಿಸಿತು. ಈಗ ಮಣಿಕಟ್ಟು ಬಾತುಕೊಂಡಿದೆ, ಯೋಚನೆ ಇಮ್ಮಡಿಯಾಗಿದೆ. ಪ್ರತಿ ಸಂಚಿಕೆಯಲ್ಲೂ ಸಕಾರಾತ್ಮಕ ಚಿಂತನೆಗೆ ಒಂದು ಪುಟ ಮೀಸಲಿಟ್ಟರೆ ನನ್ನಂಥವರಿಗೆ ಉಪಕಾರವಾದೀತು. (ಹೆಸರು ಬೇಡ.)

ಸಂಪಾದಕರ ಉತ್ತರ:

ಮಾಸ್ತರರೇ, ಮೊದಲು ಆ ರಬ್ಬರ್ ಬ್ಯಾಂಡನ್ನು ಬಿಚ್ಚಿಡಿ. ಶಾಲೆಯ ನಕಾಶೆ ಸುತ್ತಿಡಲಿಕ್ಕಾದರೂ ಬಂದೀತು.

ನಿಮ್ಮ ಪತ್ರ ಅಚ್ಚಿಗೆ ಬೇಡ, ಓದುಗರು ಗಾಬರಿಯಾಗುತ್ತಾರೆ ಎಂದು ಕಚೇರಿಯಲ್ಲಿ ಒಬ್ಬರು ವಾದಿಸಿದರು. ಹಾಕಲೇಬೇಕೆಂದು ನಾನು ಹಠ ಹಿಡಿದೆ. ಕಾರಣ ಇಷ್ಟೇ: ಇದು ನಿಮ್ಮೊಬ್ಬರ ಪತ್ರವಲ್ಲ. ಈಳಿಗೆಯ ಮುಂದೆ ಕುಳಿತ ಗೃಹಿಣಿಗೆ, ಹಸುಗೂಸಿಗೆ ಎರೆಯುತ್ತಿರುವ ಬಾಣಂತಿಗೆ, ಗರ್ಭಗುಡಿಯ ಎದುರು ಕೈಮುಗಿದು ನಿಂತ ಭಕ್ತನಿಗೆ ಇಂಥವೇ ಅಸಹ್ಯ ಯೋಚನೆಗಳು ಮಿಂಚಿ ಹೋಗುತ್ತವೆ. ಯಾರೂ ಬಾಯಿ ಬಿಡುವುದಿಲ್ಲ. ನೀವು ಬಿಟ್ಟಿದ್ದೀರಿ, ಅದಕ್ಕೆ ಎದೆಗಾರಿಕೆ ಬೇಕು.

ಲೆಕ್ಕದ ಮಾಸ್ತರರಿಗೆ ಲೆಕ್ಕದಲ್ಲೇ ಹೇಳಿದರೆ ನಂಬಿಕೆ ಬಂದೀತು. 1978ರಲ್ಲಿ ರಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿಲ್ಲದ 124 ಜನರನ್ನು ‘ಇಂಥ ಬೇಡದ ಯೋಚನೆಗಳು ನಿಮಗೂ ಬರುತ್ತವೆಯೇ?’ ಎಂದು ಕೇಳಿದರು. ಸುಮಾರು ಶೇ. 80 ಜನ ‘ನಮಗೂ ಬರುತ್ತವೆ’ ಎಂದರು. ಈ ಆರೋಗ್ಯವಂತರ ಯೋಚನೆಗಳನ್ನೂ ರೋಗಿಗಳ ಯೋಚನೆಗಳನ್ನೂ ಬೆರೆಸಿ ಅನುಭವಿ ತಜ್ಞರ ಮುಂದಿಟ್ಟರೆ, ಯಾವುದು ಯಾರದ್ದೆಂದು ಬೇರ್ಪಡಿಸಲು ಅವರೇ ತಿಣುಕಾಡಿದರು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 13 ದೇಶಗಳ 777 ವಿದ್ಯಾರ್ಥಿಗಳನ್ನು ವಿಚಾರಿಸಿತು. ಹಿಂದಿನ ಮೂರು ತಿಂಗಳಲ್ಲಿ ಒಂದಾದರೂ ಬೇಡದ ಯೋಚನೆ ನುಗ್ಗಿ ಬಂದಿತ್ತೆಂದವರು ಸುಮಾರು ಶೇ. 94. ಉಳಿದ ಶೇ. 6 ಜನರ ಮೇಲೆ ನನಗೆ ಸ್ವಲ್ಪ ಅನುಮಾನವಿದೆ.

ಹಾಗಿದ್ದರೆ ನಿಮಗೂ ಉಳಿದವರಿಗೂ ವ್ಯತ್ಯಾಸವೇನು? ಉಳಿದವರು ‘ಥೂ, ಎಂಥ ಯೋಚನೆ’ ಎಂದು ಮುಂದಿನ ಕೆಲಸ ನೋಡುತ್ತಾರೆ. ನಿಮ್ಮಂಥವರು ಅದನ್ನು ಹಿಡಿದು ವಿಚಾರಣೆಗೆ ಕೂರುತ್ತಾರೆ: ಇದು ಯಾಕೆ ಬಂತು, ನಾನು ಅಂಥವನೇ, ನಾಳೆ ನಿಜಕ್ಕೂ ಮಾಡಿಬಿಟ್ಟರೆ? ಇಂಥ ಯೋಚನೆಗಳ ಚಾಳಿಯೇ ಹಾಗೆ. ಯಾವುದು ನಮಗೆ ಅತ್ಯಂತ ಪ್ರಿಯವೋ ಅಲ್ಲೇ ಬಂದು ಕಚ್ಚುತ್ತವೆ. ದೈವಭಕ್ತನಿಗೆ ದೇವರ ನಿಂದೆ, ಮಗಳೆಂದರೆ ಪ್ರಾಣ ಎನ್ನುವ ತಂದೆಗೆ ಮಗಳ ಬಗ್ಗೆಯೇ ಭಯ. ನಿಮ್ಮ ಮೈ ನಡುಗಿತಲ್ಲ, ಆ ನಡುಕವೇ ನಿಮ್ಮ ಪರವಾದ ಸಾಕ್ಷಿ.

ಇನ್ನು ಶಿಬಿರದ ವಿಷಯ. ‘ನಿಲ್ಲು’ ಎಂದು ಯೋಚನೆಗೆ ಅಪ್ಪಣೆ ಕೊಡುವ ಈ ಉಪಾಯ ಅವರೇನೂ ಹೊಸದಾಗಿ ಕಂಡುಹಿಡಿದದ್ದಲ್ಲ. 1958ರಲ್ಲಿ ಜೋಸೆಫ್ ವೋಲ್ಪಿ ಎಂಬ ವೈದ್ಯರ ಬರವಣಿಗೆಯಿಂದ ಪ್ರಚಾರಕ್ಕೆ ಬಂದದ್ದು. ಆಮೇಲೆ 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಒಂದು ತಮಾಷೆಯ ಪ್ರಯೋಗ ಮಾಡಿದರು. ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಬಳಿಕ ‘ಈಗ ಬೇಕಾದಷ್ಟು ಯೋಚಿಸಿ’ ಎಂದಾಗ, ಮೊದಲಿನಿಂದಲೂ ಕರಡಿಗೆ ಅನುಮತಿ ಇದ್ದವರಿಗಿಂತ ಈ ಅದುಮಿಟ್ಟವರ ತಲೆಯಲ್ಲೇ ಕರಡಿ ಹೆಚ್ಚು ಓಡಾಡಿತು. ನಮ್ಮ ಹಳ್ಳಿಯ ಬಾವಿಗಳಲ್ಲಿ ಈಜು ಕಲಿಯುವ ಹುಡುಗರು ಸೋರೆಬುರುಡೆ ಕಟ್ಟಿಕೊಂಡು ಇಳಿಯುತ್ತಿದ್ದರು. ಅದನ್ನು ನೀರಿನೊಳಗೆ ಅದುಮಿ ನೋಡಿದವರಿಗೆ ಈ ಪ್ರಯೋಗದ ಫಲಿತಾಂಶ ಮೊದಲೇ ಗೊತ್ತಿತ್ತು. ಯೋಚನೆ ಬಂತೇ ಎಂದು ನೋಡಲು ಒಳಗೊಬ್ಬ ಪಹರೆಯವನನ್ನು ನಿಲ್ಲಿಸುತ್ತೀರಿ. ಅವನು ಹುಡುಕಬೇಕಾದದ್ದು ಆ ಯೋಚನೆಯನ್ನೇ ತಾನೇ?

ನ್ಯಾಯಕ್ಕಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. 2023ರಲ್ಲಿ ಕೇಂಬ್ರಿಜ್‌ನ ಮಾಮತ್ ಮತ್ತು ಆಂಡರ್ಸನ್ ಎಂಬ ಸಂಶೋಧಕರು 16 ದೇಶಗಳ 120 ಜನರಿಗೆ, ಭಯದ ಚಿತ್ರ ಮನಸ್ಸಿಗೆ ಬಾರದಂತೆ ತಡೆಯುವುದನ್ನು ಮೂರು ದಿನ ಕಲಿಸಿದರು. ಭಯ ಮಸುಕಾಯಿತು, ಮರುಕಳಿಸಲಿಲ್ಲ ಎಂದು ವರದಿ ಮಾಡಿದರು. ಒಪ್ಪಿಕೊಳ್ಳೋಣ. ಶಿಬಿರದಲ್ಲಿ ನಿಧಾನ ಉಸಿರಾಟ ಹೇಳಿಕೊಟ್ಟಿದ್ದರೆ ಅದನ್ನೂ ಬಿಡಬೇಡಿ. ಹೊರಬಿಡುವ ಉಸಿರನ್ನು ಉದ್ದ ಮಾಡಿದರೆ ಎದೆಬಡಿತ ಇಳಿಯುವುದು ನಿಜ. ಆದರೆ ಸಂಶೋಧಕರು ಹಂತ ಹಂತವಾಗಿ ನಡೆಸಿದ ತರಬೇತಿಗೂ ಮಣಿಕಟ್ಟು ಬಾಯುವವರೆಗೆ ರಬ್ಬರ್ ಜಗ್ಗುವುದಕ್ಕೂ ಅಜಗಜಾಂತರ.

ಪದ್ಮಲ್ ಡಿ ಸಿಲ್ವಾ ಅವರ ಹೆಸರು ಮೇಲೆ ಬಂತಲ್ಲ, ಅವರು ಹಳೆಯ ಪಾಲಿ ಗ್ರಂಥಗಳನ್ನೂ ಓದಿಕೊಂಡವರು. ಬೇಡದ ವಿತರ್ಕಗಳಿಗೆ, ಅಂದರೆ ಯೋಚನೆಗಳಿಗೆ, ಬುದ್ಧ ಐದು ಉಪಾಯ ಹೇಳಿದ ‘ಸುತ್ತ’ (ಬೋಧನೆ) ಒಂದಿದೆ. ಒಳ್ಳೆಯ ವಿಷಯಕ್ಕೆ ಮನಸ್ಸು ಹೊರಳಿಸು, ಆ ಯೋಚನೆಯ ಕೇಡನ್ನು ನೋಡು, ಲಕ್ಷ್ಯ ಕೊಡಬೇಡ, ಅದು ಹುಟ್ಟುವ ಬಗೆಯನ್ನು ಶಾಂತಗೊಳಿಸು, ಇದಾವುದೂ ಸಾಗದಿದ್ದರೆ ಹಲ್ಲು ಕಚ್ಚಿ ಅದುಮು. ಅದುಮುವುದು ಐದನೆಯದು, ಕಟ್ಟಕಡೆಯದು! ನಮ್ಮ ಶಿಬಿರಗಳು ಅಲ್ಲಿಂದಲೇ ಪಾಠ ಶುರು ಮಾಡುತ್ತವೆ.

ನಮ್ಮ ಬಸವಣ್ಣನವರನ್ನೇ ನೋಡಿ. ಕೊಂಬೆಯಿಂದ ಕೊಂಬೆಗೆ ಹಾರುವ ಮರ್ಕಟ ತನ್ನ ಮನಸ್ಸು ಎಂದು ಅವರು ದೂರುವ ವಚನದ ಮೊದಲ ಸಾಲನ್ನು ಎಲ್ಲ ಉಪನ್ಯಾಸಕರೂ ಉದುರಿಸುತ್ತಾರೆ. ಕೊನೆಯ ಸಾಲಿಗೆ ಯಾರೂ ಬರುವುದಿಲ್ಲ. ಅಲ್ಲಿ ಅವರು ಕೂಡಲಸಂಗಮನನ್ನು ಕೇಳಿಕೊಳ್ಳುವುದು ಮಂಗನನ್ನು ಕಟ್ಟಿಹಾಕು ಎಂದೇನೂ ಅಲ್ಲ, ನಿನ್ನ ಪಾದಕಮಲದಲ್ಲಿ ಭ್ರಮರವಾಗಿ ಇರಿಸು ಎಂದು. ಮನಸ್ಸಿಗೆ ಕೂರಲು ಒಂದು ಹೂವು ಕೇಳುತ್ತಾರೆ. ದುಂಬಿ ಅಲ್ಲಿಯೂ ಗುಂಯ್‌ಗುಡುತ್ತಲೇ ಇರುತ್ತದೆ ಎಂಬುದು ನನ್ನ ಅಧಿಕಪ್ರಸಂಗ.

ನಮ್ಮ ತಾಯಿ ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ನಡೆದುಕೊಳ್ಳುತ್ತಿದ್ದವರು. ಬೆಳಗ್ಗೆ ‘ಓಂ ನಮಃ ಶಿವಾಯ’ ಎಂದು ಮಣಿ ಎಣಿಸುತ್ತ, ನಡುವೆ ‘ಹಾಲಿನವನಿಗೆ ಮಂಗಳವಾರದ್ದು ಬಾಕಿ’ ಎಂದು ಗಟ್ಟಿಯಾಗಿ ನೆನಪಿಸಿಕೊಂಡು, ಮತ್ತೆ ಅದೇ ಮಣಿಯಿಂದ ಜಪ ಮುಂದುವರಿಸುತ್ತಿದ್ದರು. ಹಾಲಿನವನು ನುಗ್ಗಿದ್ದಕ್ಕೆ ಅವರಿಗೆ ಪಶ್ಚಾತ್ತಾಪವೂ ಇಲ್ಲ, ಕೋಪವೂ ಇಲ್ಲ. ಇಷ್ಟನ್ನು ಕಲಿಸಲು ಈಗ ಸ್ಟಾರ್ ಹೋಟೆಲಿನ ಹವಾನಿಯಂತ್ರಿತ ಸಭಾಂಗಣ ಬೇಕಾಗಿದೆ.

ಇನ್ನೊಬ್ಬರ ಕಥೆ ಹೇಳುತ್ತೇನೆ. ಗದಗಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಹಿರಿಯರಿದ್ದರು. ರಾತ್ರಿ ಬೀಗ ಹಾಕಿ ಹೊರಟರೆ ಅರ್ಧ ದಾರಿಯಲ್ಲಿ ಅನುಮಾನ: ಬೀಗ ಬಿದ್ದಿದೆಯೇ? ಹಿಂದಿರುಗಿ ಎಳೆದು ನೋಡುತ್ತಿದ್ದರು. ಮತ್ತೆ ಹೊರಟರೆ ಮತ್ತೆ ಅನುಮಾನ. ಮನೆ ಸೇರುವಾಗ ಅನ್ನ ಆರಿ, ಹೆಂಡತಿ ಮಲಗಿರುತ್ತಿದ್ದರು. ‘ಹಾಗೆಲ್ಲ ಯೋಚಿಸಬೇಡಿ’ ಎಂದವರಿಗೆ ಲೆಕ್ಕವಿಲ್ಲ. ಮಾಲೀಕರು ಮಾತ್ರ ಬೇರೆ ಮಾತು ಹೇಳಿದರು: ‘ಅನುಮಾನ ಬರಲಿ, ಜೊತೆಯಲ್ಲೇ ಮನೆಗೆ ಕರೆದುಕೊಂಡು ಹೋಗಿ. ಬೀಗ ಮುಟ್ಟಬೇಡಿ. ಕಳುವಾದರೆ ನಷ್ಟ ನನ್ನದು.’ ಮೊದಮೊದಲು ಅವರಿಗೆ ನಿದ್ದೆ ಹತ್ತಲಿಲ್ಲ. ಬರಬರುತ್ತ ಅನುಮಾನವೇ ಬೇಸತ್ತು ಸಪ್ಪಗಾಯಿತು. ಮಾಲೀಕರು ಮನಶ್ಶಾಸ್ತ್ರದ ಒಂದು ಪುಟವನ್ನೂ ಓದಿದವರಲ್ಲ. ಆದರೆ ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಪ್ರಕಟಿಸಿದ ಚಿಕಿತ್ಸೆಯ ತಿರುಳೂ ಇದೇ: ಭಯ ಹುಟ್ಟಿಸುವುದರ ಎದುರು ನಿಲ್ಲು, ಪರಿಹಾರವೆಂದು ಮಾಡುವ ಆಚರಣೆಯನ್ನು ಮಾತ್ರ ಮಾಡಬೇಡ. ಬೇಡದ ಯೋಚನೆ, ಆಚರಣೆಗಳು ಬಿಡದೆ ಕಾಡುವ ಗೀಳು ಕಾಯಿಲೆಗೆ (ಒಸಿಡಿ) ಇಂದಿಗೂ ಬಳಸುವ ಮುಖ್ಯ ಚಿಕಿತ್ಸೆಗಳಲ್ಲಿ ಇದೊಂದು. ವೈದ್ಯರು ಇದನ್ನು ಸಿಬಿಟಿಯ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆಯ, ಒಂದು ಬಗೆ ಎನ್ನುತ್ತಾರೆ. (ನಮ್ಮ ಹುಬ್ಬಳ್ಳಿಯವರಿಗೆ ಸಿಬಿಟಿ ಎಂದರೆ ನಗರ ಬಸ್ ನಿಲ್ದಾಣ. ಅಲ್ಲಿ ನಿಂತು ಮನಸ್ಸು ಶಾಂತವಾದವರನ್ನು ನಾನು ಕಂಡಿಲ್ಲ.)

ನಿಮ್ಮ ಬೀಗ ಯಾವುದು ಗೊತ್ತೇ? ರಬ್ಬರ್ ಬ್ಯಾಂಡ್ ಮತ್ತು ಮಗಳನ್ನು ಎತ್ತಿಕೊಳ್ಳದಿರುವುದು. ಎರಡನೆಯದನ್ನು ಓದಿ ನನಗೆ ಸಿಟ್ಟು ಬಂತು, ಕ್ಷಮಿಸಿ. ಒಂದು ಯೋಚನೆಯ ಮುಲಾಜಿಗೆ ಬಿದ್ದು ಕೂಸಿಗೆ ಅಪ್ಪನ ತೋಳು ತಪ್ಪಿಸುವುದು ಯಾವ ನ್ಯಾಯ?

ಸಕಾರಾತ್ಮಕ ಚಿಂತನೆಯ ಪುಟ ಕೇಳಿದ್ದೀರಿ. ನಮ್ಮ ಪತ್ರಿಕೆಯಲ್ಲಿ ಅದು ಬರುವುದಿಲ್ಲ. ಧಾರವಾಡದ ಸಪ್ತಾಪುರದಲ್ಲಿ ಒಮ್ಮೆ ಅಡ್ಡಾಡಿ ಬನ್ನಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಬಾಡಿಗೆ ಕೋಣೆಯ ಗೋಡೆಗೆ ‘ನಾನು ಗೆದ್ದೇ ಗೆಲ್ಲುತ್ತೇನೆ’ ಎಂದು ಚೀಟಿ ಅಂಟಿಸಿಕೊಂಡಿರುತ್ತಾರೆ. ಅಧಿಸೂಚನೆ ಮುಂದೂಡಿದವರು ಯಾರೋ, ಪರೀಕ್ಷೆ ರದ್ದು ಮಾಡಿದವರು ಯಾರೋ. ಹುಡುಗ ಮಾತ್ರ ತನ್ನ ಯೋಚನೆಯೇ ಸರಿಯಿರಲಿಲ್ಲ ಎಂದು ಕೊರಗುತ್ತಾನೆ. ಬೆಳೆ ವಿಮೆಯ ಹಣ ಬಾರದೆ ನಿದ್ದೆಗೆಟ್ಟ ರೈತನಿಗೆ ‘ಒಳ್ಳೆಯದನ್ನೇ ಯೋಚಿಸು’ ಎಂಬ ಸೂರ್ಯೋದಯದ ಚಿತ್ರ ಮೊಬೈಲಿಗೆ ಬರುತ್ತದೆ. ಅವನ ಚಿಂತೆಗೆ ಕಾರಣವಿದೆ, ಆ ಕಾರಣಕ್ಕೆ ವಿಳಾಸವೂ ಇದೆ. ಚಿಂತೆಯನ್ನೇ ಅವನ ತಪ್ಪು ಮಾಡಿಬಿಟ್ಟರೆ ಎಲ್ಲ ಕಚೇರಿಗಳಿಗೂ ನೆಮ್ಮದಿ.

ಮತ್ತೊಂದು ಸಂಕಟವಿದೆ. ಧಾರವಾಡದಲ್ಲಿ ಬ್ರಿಟಿಷರ ಕಾಲದಿಂದಲೂ ಮಾನಸಿಕ ಆಸ್ಪತ್ರೆಯಿದೆ, ಇಂದಿನ ಡಿಮ್ಹಾನ್ಸ್. ಅಷ್ಟು ಹತ್ತಿರದಲ್ಲಿದ್ದರೂ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದು ನಗುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಆ ನಗುವಿಗೆ ಹೆದರಿಯೇ ನಿಮ್ಮಂಥ ಓದಿದವರೂ ಶಿಬಿರಕ್ಕೆ ಹಣ ಸುರಿಯುತ್ತಾರೆ, ಆಸ್ಪತ್ರೆಯ ಚೀಟಿ ಮಾಡಿಸಲು ನಾಚುತ್ತಾರೆ. ನೀವು ನಾಚಬೇಡಿ. ವರ್ಷದಿಂದ ಕಾಡುತ್ತಿದೆ, ಮಗಳಿಂದ ದೂರ ಸರಿದಿದ್ದೀರಿ ಎಂದ ಮೇಲೆ ಇದು ಸಂಪಾದಕನ ಉತ್ತರದಲ್ಲಿ ಮುಗಿಯುವ ವಿಷಯವಲ್ಲ, ವೈದ್ಯರಿಗೆ ತೋರಿಸಬೇಕಾದದ್ದು. ಇದಕ್ಕೆ ಔಷಧಿಯೂ ಇದೆ, ಮೇಲೆ ಹೇಳಿದ ಅಭ್ಯಾಸವೂ ಇದೆ. ಹೊರಡುವ ಮುನ್ನ ಯಾರೊಡನೆಯಾದರೂ ಮಾತನಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಎಂಬ ಸರ್ಕಾರದ ಉಚಿತ ಸೇವೆ ಅದು, ಕನ್ನಡದಲ್ಲೇ ಮಾತನಾಡಬಹುದು. ಸಾಯಬೇಕು ಅಥವಾ ಯಾರಿಗಾದರೂ ಕೇಡು ಮಾಡಬೇಕು ಎಂಬ ಬಯಕೆಯೇ ಹುಟ್ಟಿದವರಿಗೆ ನಾನು ಮೇಲೆ ಹೇಳಿದ ಸಮಾಧಾನ ಅನ್ವಯಿಸದು. ಅವರು ತಡಮಾಡದೆ ಮನೆಯವರಿಗೆ ತಿಳಿಸಿ ಆಸ್ಪತ್ರೆಗೆ ಹೋಗಬೇಕು.

ಅಲ್ಲಿಯವರೆಗೆ ಒಂದು ಚಿಕ್ಕ ಕೆಲಸ ಮಾಡಿ. 1983ರಲ್ಲಿ ಬೋರ್ಕೋವೆಕ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗದಲ್ಲಿ ಚಿಂತೆ ಮಾಡಲು ಹೇಳಿ ನೋಡಿದರು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಅದನ್ನು ಆ ಅರ್ಧ ಗಂಟೆಗೆ ಮುಂದೂಡಬೇಕು. ಹಾಗೆ ಮಾಡಿದವರ ಚಿಂತೆ ಕಡಿಮೆಯಾಯಿತು. ಸಾಲ, ವರ್ಗಾವಣೆ, ಮಕ್ಕಳ ಓದು ಇಂಥ ಮಾಮೂಲಿ ಚಿಂತೆಗಳಿಗೆ ಇದು ಸಾಕು. ವೇಳಾಪಟ್ಟಿ ಹಾಕುವುದು ಮಾಸ್ತರರಿಗೆ ಕಷ್ಟವೇ?

ಮುಂದಿನ ಸಂಚಿಕೆಗೆ ಮನೋವೈದ್ಯರೊಬ್ಬರಿಂದ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಸುತ್ತೇವೆ. ಪ್ರಶ್ನೆ ಕಳುಹಿಸುವವರ ಹೆಸರು, ಊರು ಪ್ರಕಟಿಸುವುದಿಲ್ಲ. ಲಕೋಟೆಯ ಮೇಲೆ ‘ವೈದ್ಯರಿಗೆ’ ಎಂದು ಬರೆದರೆ ಸಾಕು, ನಾವೂ ಒಡೆಯುವುದಿಲ್ಲ.